ಕೋಸಿಕ್‌ಗೆ ನೂರು ತುಂಬುವ ಹೊತ್ತಿನಲ್ಲಿ

ಮಾನ್ಯ ಸಂಪಾದಕರೇ,

ಆಗಿನ ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನ ತತ್ವಜ್ಞಾನಿ ಕಾರೆಲ್ ಕೋಸಿಕ್ ಹುಟ್ಟಿದ್ದು 1926ರ ಜೂನ್ 26ರಂದು. ಮಾರ್ಕ್ಸ್‌ವಾದಿ ಎಂದರೆ ಕಮ್ಯುನಿಸ್ಟ್ ಪಕ್ಷ ಹೇಳಿದ್ದಕ್ಕೆ ತಲೆಯಾಡಿಸುವವನು ಎಂದು ನಂಬಿದವರು ಈತನ ಬದುಕನ್ನು ಒಮ್ಮೆ ನೋಡಬೇಕು.

ಹದಿಹರೆಯದಲ್ಲೇ ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕಿಳಿದು 1944ರಲ್ಲಿ ಅವರ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದು, ಟೆರೆಜಿನ್ ಸೆರೆಮನೆ ಕಂಡವರು. 1963ರಲ್ಲಿ ಬಂದ ‘ಡಯಲೆಕ್ಟಿಕ್ಸ್ ಆಫ್ ದಿ ಕಾಂಕ್ರೀಟ್’ ಅವರ ಮುಖ್ಯ ಕೃತಿ. ನಾವು ದಿನವೂ ಒಗ್ಗಿಹೋದ ಲೋಕ, ಅಂದರೆ ಕಚೇರಿ, ಕೆಲಸ, ಸರಕು, ನಿಯಮ, ಎಲ್ಲವೂ ಮೊದಲಿನಿಂದ ಹೀಗೇ ಇತ್ತೇನೋ ಎಂಬಂತೆ ಕಾಣುತ್ತದೆ. ಅದು ಹುಸಿ ಎನ್ನುತ್ತಾರೆ ಕೋಸಿಕ್. ಮನುಷ್ಯನೇ ಮಾಡಿದ್ದು, ಆದ್ದರಿಂದ ಮನುಷ್ಯ ಬದಲಿಸಬಲ್ಲದ್ದು. ಓದಲು ಸುಲಭದ ಪುಸ್ತಕವಲ್ಲ, ನಾನು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೇನೆ. ಆದರೂ ಈ ಮಾತು ಅವರ ದೇಶದ ಸಮಾಜವಾದಿ ಸರ್ಕಾರದ ಅಧಿಕಾರಿಗಳಿಗೂ ಚುಚ್ಚುತ್ತಿತ್ತು ಎನ್ನುವುದು ಬೇಗ ತಿಳಿಯುತ್ತದೆ.

ಕಮ್ಯುನಿಸ್ಟ್ ಆಡಳಿತವನ್ನು ಸಡಿಲಿಸಲು ಹೊರಟ 1968ರ ಸುಧಾರಣೆಯ ಅಲೆ ‘ಪ್ರಾಗ್ ವಸಂತ’ವನ್ನು ಬೆಂಬಲಿಸಿದರು. ಅದನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಬಂದವು. ವಿಶ್ವವಿದ್ಯಾಲಯದ ಕೆಲಸ ಹೋಯಿತು. 1975ರಲ್ಲಿ ಪೊಲೀಸರು ಮನೆಗೆ ನುಗ್ಗಿ ಸುಮಾರು ಸಾವಿರ ಪುಟಗಳ ಹಸ್ತಪ್ರತಿ ಹೊತ್ತೊಯ್ದಾಗ ಅವರು ಫ್ರಾನ್ಸಿನ ತತ್ವಜ್ಞಾನಿ ಸಾರ್ತ್ರ್‌ಗೆ ಬಹಿರಂಗ ಪತ್ರ ಬರೆದರು. ಸಾರ್ತ್ರ್ ಉತ್ತರಿಸಿದರು ಕೂಡ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೂ ಅವರು ಬಂಡವಾಳಶಾಹಿಗೆ ಜೈ ಎನ್ನಲಿಲ್ಲ. 2003ರಲ್ಲಿ ತೀರಿಕೊಂಡರು.

ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಅವರ ಚಿಂತನೆಯ ಬಗ್ಗೆ, ನನ್ನಂಥವರಿಗೂ ದಕ್ಕುವಂಥ ಒಂದು ಲೇಖನ ಬರಲಿ.

— ಓರ್ವ ಓದುಗ, ಧಾರವಾಡ