ಡೊಮೇನ್ ತಕರಾರು: ದುರುದ್ದೇಶದ ದೂರಿಗೂ ದಂಡ ಇರಲಿ

ಮಾನ್ಯ ಸಂಪಾದಕರೇ,

ಡೊಮೇನ್ ಹೆಸರಿನ, ಅಂದರೆ ಜಾಲತಾಣದ ವಿಳಾಸದ, ಮೇಲೆ ಟ್ರೇಡ್‌ಮಾರ್ಕ್ ಮಾಲೀಕರು ತಕರಾರು ತೆಗೆದ ಸುದ್ದಿ ಬಂದಾಗಲೆಲ್ಲ, ಆ ಹೆಸರನ್ನು ಮೊದಲು ನೋಂದಾಯಿಸಿಕೊಂಡವರನ್ನು ವಿಚಾರಣೆಗೆ ಮುಂಚೆಯೇ ಕಬಳಿಕೆದಾರರ ಸಾಲಿಗೆ ಸೇರಿಸಿಬಿಡುವುದು ರೂಢಿಯಾಗಿದೆ. ಕಬಳಿಕೆ ನಡೆಯುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ, ನಕಲಿ ಲಾಗಿನ್ ಪುಟ ತೆರೆದು ಪಾಸ್‌ವರ್ಡ್ ಕದಿಯುವವರ ಪರವಾಗಿ ಹೇಳಲು ಏನೂ ಇಲ್ಲ. ಆದರೆ ಟ್ರೇಡ್‌ಮಾರ್ಕ್ ಕೈಯಲ್ಲಿದ್ದ ಮಾತ್ರಕ್ಕೆ ಡೊಮೇನ್ ಕೂಡ ತಾನಾಗಿ ತಮ್ಮದಾಗುತ್ತದೆ ಎಂಬ ನಂಬಿಕೆ ತಪ್ಪು.

ಟ್ರೇಡ್‌ಮಾರ್ಕಿನ ಹಕ್ಕು ಬರಿಯ ಪದದ ಮೇಲಲ್ಲ, ಒಂದು ಬಗೆಯ ಸರಕು ಅಥವಾ ಸೇವೆಗೆ ಅಂಟಿಕೊಂಡ ಪದದ ಮೇಲೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅಂಥ 45 ವರ್ಗಗಳಿವೆ. ಒಂದೇ ಪದ ಸಾಬೂನಿಗೆ ಒಬ್ಬರದು, ಯಂತ್ರಕ್ಕೆ ಇನ್ನೊಬ್ಬರದು, ಬೇರೊಂದು ದೇಶದಲ್ಲಿ ಮೂರನೆಯವರದು ಆಗಿರಬಹುದು, ಅದರಲ್ಲಿ ಯಾರದೂ ತಪ್ಪಿರುವುದಿಲ್ಲ. ಡಾಟ್ ಕಾಮ್ ಮಾತ್ರ ಇಡೀ ಜಗತ್ತಿಗೆ ಒಂದೇ. ಅದು ಮೊದಲು ಬಂದವರಿಗೆ ಸಿಗುತ್ತದೆ. ಉಜಿ ನಿಸ್ಸಾನ್ ಎಂಬುವರು 1994ರಲ್ಲಿ ತಮ್ಮ ಮನೆತನದ ಹೆಸರಿನಲ್ಲೇ ನಿಸ್ಸಾನ್ ಡಾಟ್ ಕಾಮ್ ನೋಂದಾಯಿಸಿ ಕಂಪ್ಯೂಟರ್ ವ್ಯಾಪಾರಕ್ಕೆ ಬಳಸುತ್ತಿದ್ದರು. ಅದೇ ಹೆಸರಿನ ಕಾರು ಕಂಪನಿ 1999ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಹೆಸರು ಕೊನೆಗೂ ಉಜಿ ಅವರಲ್ಲೇ ಉಳಿಯಿತು. ಆದರೆ ವರ್ಷಗಟ್ಟಲೆ ಕೋರ್ಟು ಅಲೆದು ತಮ್ಮ ಹೆಸರನ್ನು ತಾವೇ ಉಳಿಸಿಕೊಂಡದ್ದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಂಥ ಅಲೆದಾಟ ತಪ್ಪಲೆಂದೇ, ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಯುಡಿಆರ್‌ಪಿ ಎಂಬ ವಿವಾದ ಇತ್ಯರ್ಥ ನೀತಿಯನ್ನು ತಂದಿತು. ಅದರ ಪ್ರಕಾರ ದೂರುದಾರರು ಮೂರು ಸಂಗತಿಗಳನ್ನು ಸಾಬೀತುಪಡಿಸಬೇಕು: ಡೊಮೇನ್ ತಮ್ಮ ಟ್ರೇಡ್‌ಮಾರ್ಕಿನಂತೆಯೇ ಅಥವಾ ಗೊಂದಲವಾಗುವಷ್ಟು ಹೋಲುವಂತಿದೆ, ಎದುರಾಳಿಗೆ ಆ ಹೆಸರಿನಲ್ಲಿ ನ್ಯಾಯಸಮ್ಮತ ಹಿತಾಸಕ್ತಿಯಿಲ್ಲ, ಅದನ್ನು ದುರುದ್ದೇಶದಿಂದ ನೋಂದಾಯಿಸಲಾಗಿದೆ ಮತ್ತು ದುರುದ್ದೇಶದಿಂದ ಬಳಸಲಾಗುತ್ತಿದೆ. ಈ ಕೊನೆಯ ‘ಮತ್ತು’ ಎಂಬ ಪುಟ್ಟ ಪದದಲ್ಲೇ ಇಡೀ ನೀತಿಯ ತೂಕವಿದೆ. ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ನೋಂದಾಯಿಸಿದ ಹೆಸರಿನ ಹಿಂದೆ, ಆಗ ಇಲ್ಲದೇ ಇದ್ದ ಕಂಪನಿಗೆ ಕೇಡು ಬಗೆಯುವ ಉದ್ದೇಶ ಸಾಮಾನ್ಯವಾಗಿ ಇರಲು ಸಾಧ್ಯವೇ ಇಲ್ಲವಲ್ಲ. ವರ್ಷವರ್ಷ ಶುಲ್ಕ ಕಟ್ಟಿ ನವೀಕರಿಸುವುದನ್ನು ಹೊಸ ನೋಂದಣಿಯೆಂದು ಪರಿಗಣಿಸುವುದಿಲ್ಲ. ಹೆಸರನ್ನು ಮತ್ತೊಬ್ಬರಿಂದ ಕೊಂಡರೆ ಮಾತ್ರ ಕೊಂಡ ದಿನವೇ ಲೆಕ್ಕಕ್ಕೆ ಬರುತ್ತದೆ. ಕೆಲವು ದೇಶಗಳ ಡೊಮೇನ್ ನಿಯಮಗಳಲ್ಲಿ ಈ ‘ಮತ್ತು’ ‘ಅಥವಾ’ ಆಗಿಬಿಟ್ಟಿದೆ. ಅದು ನನಗೆ ಸರಿಕಾಣುವುದಿಲ್ಲ.

ನೀತಿ ಚೆನ್ನಾಗಿದ್ದರೂ ತೀರ್ಪುಗಳು ಎಲ್ಲ ಕಾಲಕ್ಕೂ ಒಂದೇ ದಾರಿ ಹಿಡಿದಿಲ್ಲ. 2000ರಲ್ಲಿ ಗಾಯಕ ಸ್ಟಿಂಗ್ ತಮ್ಮ ಹೆಸರಿನ ಡೊಮೇನಿಗಾಗಿ ಸಲ್ಲಿಸಿದ ದೂರು, ‘ಸ್ಟಿಂಗ್’ ಎಂಬುದು ಇಂಗ್ಲಿಷಿನ ಸಾಮಾನ್ಯ ಪದವೆಂಬುದೂ ಒಂದು ಕಾರಣವಾಗಿ, ತಿರಸ್ಕೃತವಾಯಿತು. ಅದೇ ವರ್ಷ ಬಾರ್ಸಿಲೋನಾ ಡಾಟ್ ಕಾಮ್ ಅನ್ನು ಆ ನಗರಾಡಳಿತಕ್ಕೆ ಒಪ್ಪಿಸುವಂತೆ ಇದೇ ನೀತಿಯಡಿಯ ತೀರ್ಪುಗಾರರು ಹೇಳಿದರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಊರಿನ ಹೆಸರು ಬರಿಯ ಸ್ಥಳನಾಮವೇ ಹೊರತು ಟ್ರೇಡ್‌ಮಾರ್ಕಲ್ಲ ಎಂದು ಡೊಮೇನ್ ಹೊಂದಿದ್ದವರ ಪರ ನಿಂತಿತು. ನ್ಯಾಯಾಲಯಕ್ಕೆ ಹೋಗುವಷ್ಟು ಹಣ, ತಾಳ್ಮೆ ಎಷ್ಟು ಮಂದಿಗಿರುತ್ತದೆ?

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ದೂರು ಬಂದರೆ ಉತ್ತರಿಸಲು 20 ದಿನ, ಸೋತರೆ ತೀರ್ಪು ಜಾರಿಯಾಗದಂತೆ ನ್ಯಾಯಾಲಯದ ಮೆಟ್ಟಿಲೇರಲು 10 ಕೆಲಸದ ದಿನ. ಇಂಥ ದೂರುಗಳನ್ನು ನಡೆಸಿಕೊಡುವ ಸಂಸ್ಥೆಗಳಲ್ಲೊಂದಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ಐದು ಹೆಸರುಗಳವರೆಗಿನ ದೂರಿಗೆ 1,500 ಡಾಲರ್ ಶುಲ್ಕ. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲದ ಹಣ. ದೂರುದಾರರು ಒಬ್ಬರನ್ನೇ ಕೇಳಿದ್ದು, ಎದುರಾಳಿ ಮೂವರ ಮಂಡಳಿ ಬೇಕೆಂದರೆ, 4,000 ಡಾಲರ್ ಶುಲ್ಕದಲ್ಲಿ ಅರ್ಧವನ್ನು ಎದುರಾಳಿಯೇ ಕಟ್ಟಬೇಕು. ದೂರು ಹೆಸರನ್ನು ಕಿತ್ತುಕೊಳ್ಳುವ ದುರುದ್ದೇಶದ್ದೇ ಆಗಿತ್ತೆಂದು ತೀರ್ಪುಗಾರರು ಘೋಷಿಸಬಹುದು. ಇದಕ್ಕೆ ಹಿಮ್ಮುಖ ಡೊಮೇನ್ ಅಪಹರಣ ಎನ್ನುತ್ತಾರೆ. ಆದರೆ ಆ ಘೋಷಣೆಯ ಹಿಂದೆ ದಂಡವೂ ಇಲ್ಲ, ಪರಿಹಾರವೂ ಇಲ್ಲ. ಎದುರಾಳಿಗೆ ವಕೀಲರ ಖರ್ಚು ಕೈಯಿಂದಲೇ ಹೋಗುತ್ತದೆ, ದೂರುದಾರರಿಗೆ ಒಂದಿಷ್ಟು ಮುಜುಗರವಾಗುತ್ತದೆ, ಅಷ್ಟೇ.

ಆದ್ದರಿಂದ ದೂರಿನ ಜೊತೆಗೆ ದೂರುದಾರರಿಂದ ಠೇವಣಿ ಪಡೆದು, ಹಿಮ್ಮುಖ ಅಪಹರಣವೆಂದು ತೀರ್ಮಾನವಾದಲ್ಲಿ ಅದನ್ನು ಎದುರಾಳಿಯ ಖರ್ಚಿಗೆ ಕೊಡಿಸುವ ನಿಯಮವನ್ನು ಐಕ್ಯಾನ್ ತರಬೇಕು. ಅಂಥ ಪ್ರಕರಣಗಳಲ್ಲಿ ಮೂವರ ಮಂಡಳಿಗೆ ಎದುರಾಳಿ ಕಟ್ಟಿದ ಅರ್ಧ ಶುಲ್ಕವನ್ನೂ ದೂರುದಾರರಿಂದಲೇ ವಾಪಸು ಕೊಡಿಸಬೇಕು.

— ಒಬ್ಬ ಓದುಗ