ಬಾಣಂತಿಯರ ವಾರ್ಡಿನ ಋಣ

ಎದೆಹಾಲುಣಿಸುವ ತಾಯಂದಿರಿಗೆ ನೆರವಾಗುವುದನ್ನು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕಲಿಸುವ ನಮ್ಮ ತರಬೇತಿಯ ಮೊದಲ ತಂಡ ಈ ವಾರ ಪೋಸ್ಟಿಂಗ್ ಮುಗಿಸಿತು. ಮಕ್ಕಳ ವಿಭಾಗದ ಶಿಕ್ಷಕಿಯಾಗಿ ಕೆಲವರನ್ನು ಇಲ್ಲಿ ನೆನೆಯಲೇಬೇಕು.

ಮೊದಲು ತಾಯಂದಿರನ್ನು. ಸಿಸೇರಿಯನ್ ಹೊಲಿಗೆಯ ನೋವು, ನಿದ್ದೆಗೆಟ್ಟ ಕಣ್ಣು. ಆದರೂ "ಕಲೀಲಿ ಬಿಡಿ ಮೇಡಂ" ಅಂತ ಈ ವಿದ್ಯಾರ್ಥಿಗಳನ್ನು ಮಂಚದ ಪಕ್ಕ ಕೂರಿಸಿಕೊಂಡಿರಿ. ಹುಟ್ಟಿದ ಒಂದು ಗಂಟೆಯೊಳಗೆ ಹಾಲು, 6 ತಿಂಗಳು ಬರೀ ಎದೆಹಾಲು ಎಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಗದ್ದ ಎದೆಗೆ ತಾಗಿದೆಯೇ ಎಂದು ನೋಡುವ ಕಣ್ಣು ಬಂದದ್ದು ಮಾತ್ರ ನಿಮ್ಮಿಂದ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿದ್ದವು. ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಹೆರಿಗೆ ಆಸ್ಪತ್ರೆಯಲ್ಲೇ ಆಗಿಯೂ ಇಷ್ಟು ಅಂತರ ಇರುವಾಗ, ಹಾಲುಣಿಸುವುದು ತಡವಾಯಿತೆಂದು ಮನೆಯ ಅಜ್ಜಿಯರನ್ನು ದೂರಿ ಪ್ರಯೋಜನವಿಲ್ಲ. ಕೆಲಸ ಆಗಬೇಕಾದದ್ದು ನಮ್ಮ ಕಡೆಯಿಂದಲೇ.

ವಾರ್ಡಿನ ಹಿರಿಯ ಸಿಸ್ಟರ್‌ಗೆ ವಿಶೇಷ ನಮಸ್ಕಾರ. "ಕೈ ಹಿಂದೆ ಕಟ್ಕೊಳ್ಳಿ ಡಾಕ್ಟ್ರೇ, ಮೊದಲು ಕೇಳಿಸ್ಕೊಳ್ಳಿ" ಎನ್ನುವುದು ಅವರ ಮೊದಲ ಪಾಠ. ಮಗುವಿನ ತಲೆ ಹಿಡಿದು ಎದೆಗೆ ಒತ್ತುವ ಅವಸರ ಅಲ್ಲಿಗೇ ನಿಂತಿತು. ಹೆರಿಗೆಯಾದ ಎರಡನೇ ದಿನ ಒಬ್ಬ ತಾಯಿ "ಹಾಲೇ ಬರ್ತಿಲ್ಲ" ಎಂದು ಅತ್ತಾಗ, ಅತ್ತೆಯವರ ಕೈಯಲ್ಲಿ ಆಗಲೇ ಮಗುವಿಗೆ ಕುಡಿಸಲು ಸಕ್ಕರೆ ನೀರಿನ ಲೋಟ ಇತ್ತು. ನಮ್ಮ ವಿದ್ಯಾರ್ಥಿ ಲೋಟ ಕಿತ್ತುಕೊಳ್ಳಲಿಲ್ಲ. "ಊಟ ಮಾಡಿದ್ರಾ ಅಕ್ಕಾ?" ಎಂದು ಕೇಳಿ ಪಕ್ಕದಲ್ಲಿ ಕೂತ. ಮೊದಲ ದಿನಗಳ ಗಟ್ಟಿ ಹಳದಿ ಹಾಲು ಸ್ವಲ್ಪವೇ ಬರುವುದು, ಮಗುವಿಗೆ ಅಷ್ಟೇ ಸಾಕು, ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ ಎಂದು ಅತ್ತೆಗೂ ಸೊಸೆಗೂ ಸೇರಿಸಿಯೇ ಹೇಳಿದ. ಆಮೇಲೆ ಮಗುವನ್ನು ಸರಿಯಾಗಿ ಹಿಡಿದುಕೊಳ್ಳಲು ತಾಯಿಗೆ ದಿಂಬು ಕೊಟ್ಟವರು ಆ ಅತ್ತೆಯೇ.

ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ ಸ್ತನದ ಮಾದರಿಗಳನ್ನು ಹೊಲಿದುಕೊಟ್ಟ ಆಯಾ ಅಮ್ಮನಿಗೂ ವಂದನೆ; ಹಾಲು ಹಿಂಡಿ ತೆಗೆಯುವುದನ್ನು ಎಲ್ಲರೂ ಕಲಿತದ್ದು ಅವುಗಳ ಮೇಲೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಒಳಲೆಯಲ್ಲಿ ಹಾಲು ಕುಡಿಸುವುದನ್ನು ತೋರಿಸಿದ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಿಬ್ಬಂದಿಗೂ, ಆಪರೇಷನ್ ಥಿಯೇಟರಿನಲ್ಲೇ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಲು ಒಪ್ಪಿದ ಹೆರಿಗೆ ವಿಭಾಗದವರಿಗೂ ವಂದನೆ.

ಮುಂದಿನ ತಂಡ ಬರುವ ತಿಂಗಳು ಬರುತ್ತಿದೆ. ಸಿಸ್ಟರ್, ಈ ತಂಡಕ್ಕೆ ಕೊಟ್ಟಂತೆ ನಿಮ್ಮ ಬೆಳಗಿನ ಒಂದು ಗಂಟೆಯನ್ನು ಅವರಿಗೂ ಕೊಡಿ.