ಜಾನ್ಸನ್ ಬಿಟ್ಟುಹೋದದ್ದು

ಆಸ್ಟಿನ್, ಟೆಕ್ಸಸ್

ತೀರ್ಥರೂಪು ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

1960ರ ದಶಕದ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ಅಂದರೆ ವಿಯೆಟ್ನಾಂ ಯುದ್ಧ, ರೇಷನ್ ಅಂಗಡಿಯ ಅಮೆರಿಕನ್ ಗೋಧಿ. ಇವೆರಡು ಬಿಟ್ಟರೆ ಇನ್ನೇನಿದೆ ಅಂತ ಫೋನಿನಲ್ಲಿ ಕೇಳಿದಿರಿ. ಎರಡೂ ನಿಜವೇ ಅಪ್ಪ. ನಮ್ಮಲ್ಲಿ ಬರ ಬಿದ್ದಿದ್ದ 1965–67ರಲ್ಲಿ ಅವರು ಪಿಎಲ್-480 ಎಂಬ ಆಹಾರ ನೆರವು ಕಾನೂನಿನ ಗೋಧಿಯನ್ನು ಒಟ್ಟಿಗೆ ಕೊಡದೆ ಸ್ವಲ್ಪಸ್ವಲ್ಪವೇ ಬಿಟ್ಟರು. ಭಾರತ ತನ್ನ ಕೃಷಿ ನೀತಿ ಬದಲಿಸಬೇಕು, ವಿಯೆಟ್ನಾಂ ವಿಚಾರದಲ್ಲಿ ಟೀಕೆ ನಿಲ್ಲಿಸಬೇಕು ಎಂಬ ಒತ್ತಡ ಅದರ ಹಿಂದಿತ್ತು. ಹಸಿದವರ ಮುಂದೆ ಹಾಗೆ ಲೆಕ್ಕ ಹಾಕಿದ್ದನ್ನು ನಾನೂ ಒಪ್ಪುವುದಿಲ್ಲ. ಆದರೆ ಕೊಡುವ ಹಣಕ್ಕೆ ಷರತ್ತು ಕಟ್ಟುವ ಅದೇ ಪಟ್ಟನ್ನು ಅವರು ತಮ್ಮ ದೇಶದೊಳಗೂ ಹಾಕಿದರು. ಅಲ್ಲಿ ಅದು ಮಾಡಿದ ಕೆಲಸ ಇವತ್ತಿಗೂ ನಿಂತಿದೆ.

1964ರ ಜುಲೈ 2ರಂದು ಸಹಿಯಾದ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಆರನೇ ಅಧ್ಯಾಯ ಒಂದಿದೆ. ಬಣ್ಣ, ಜನಾಂಗ ನೋಡಿ ಭೇದ ಮಾಡುವ ಯಾವ ಸಂಸ್ಥೆಗೂ ಕೇಂದ್ರದ ಹಣ ಇಲ್ಲ ಎನ್ನುವುದು ಅದರ ಸಾರ. ಆಗ ಹೆಚ್ಚಿನವರ ಗಮನ ಹೋಟೆಲು, ಬಸ್ಸು, ಸಿನಿಮಾ ಮಂದಿರಗಳ ಮೇಲಿತ್ತು. ಈ ಅಧ್ಯಾಯಕ್ಕೆ ಹಲ್ಲು ಬಂದದ್ದು ಮರುವರ್ಷ, ಮೆಡಿಕೇರ್ ಬಂದ ಮೇಲೆ. 65 ದಾಟಿದವರ ಆಸ್ಪತ್ರೆ ಖರ್ಚನ್ನು ಸರ್ಕಾರವೇ ಕೊಡುವ ಈ ಯೋಜನೆಗೆ ಜಾನ್ಸನ್ 1965ರ ಜುಲೈ 30ರಂದು ಮಿಸ್ಸೂರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ ಪಕ್ಕದಲ್ಲಿ ಕೂತು ಸಹಿ ಹಾಕಿದರು. ಹಣ ಹರಿಯುವುದು 1966ರ ಜುಲೈ 1ರಿಂದ ಎಂದು ನಿಗದಿಯಾಯಿತು.

ದಕ್ಷಿಣದ ಆಸ್ಪತ್ರೆಗಳಲ್ಲಿ ಅಷ್ಟು ಹೊತ್ತಿಗೂ ಕರಿಯರಿಗೆ ಬೇರೆ ವಾರ್ಡು, ಬೇರೆ ಬಾಗಿಲು. ಕೆಲವೆಡೆ ಪ್ರವೇಶವೇ ಇಲ್ಲ. ಆರೋಗ್ಯ ಇಲಾಖೆ ಬೇರೆ ಬೇರೆ ಕಚೇರಿಗಳಿಂದ ಸಾವಿರದಷ್ಟು ನೌಕರರನ್ನು ಎರವಲು ತಂದು ಊರೂರಿಗೆ ತಪಾಸಣೆಗೆ ಕಳಿಸಿತು. ವಾರ್ಡಿನಲ್ಲಿ ಬಿಳಿಯರು, ಕರಿಯರು ಒಂದೇ ಕೋಣೆಯಲ್ಲಿದ್ದಾರೆಯೇ, ಕರಿಯ ವೈದ್ಯರಿಗೆ ರೋಗಿಗಳನ್ನು ದಾಖಲಿಸುವ ಹಕ್ಕಿದೆಯೇ ಎಂದು ಅವರು ನೋಡಿದರು. ಇಲ್ಲದಿದ್ದರೆ ಮೆಡಿಕೇರ್ ಹಣ ಇಲ್ಲ. ವಯಸ್ಸಾದ ರೋಗಿಗಳ ಬಿಲ್ಲು ಕೈತಪ್ಪಿದರೆ ಆಸ್ಪತ್ರೆ ನಡೆಯುವುದು ಹೇಗೆ? ದಶಕಗಳ ಮೊಕದ್ದಮೆಗಳಿಂದ ಆಗದ್ದು ಕೆಲವೇ ತಿಂಗಳಲ್ಲಿ ಆಯಿತು, ಬಹುಪಾಲು ಆಸ್ಪತ್ರೆಗಳು ಗೋಡೆ ಕಿತ್ತವು. ಜಾನ್ಸನ್ ಕಾಲದ ಅತಿ ದೊಡ್ಡ ಸಾಧನೆ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ.

ಮೆಡಿಕೇರ್ ಕಟ್ಟಿದ ರೀತಿಯೂ ತಿಳಿಯಬೇಕಾದದ್ದು. ಆಸ್ಪತ್ರೆಗೆ ಎ ಭಾಗ, ದುಡಿಯುವವರ ಸಂಬಳದ ತೆರಿಗೆಯಿಂದ. ವೈದ್ಯರ ಶುಲ್ಕಕ್ಕೆ ಬಿ ಭಾಗ, ಆರಂಭದಲ್ಲಿ ತಿಂಗಳಿಗೆ 3 ಡಾಲರ್ ಕಂತು. ಬಡವರಿಗೆ ಮೆಡಿಕೇಯ್ಡ್, ರಾಜ್ಯಗಳ ಜೊತೆ ಸೇರಿ. ಮೂರು ಬೇರೆ ಬೇರೆ ಪ್ರಸ್ತಾವಗಳನ್ನು ಒಂದೇ ಮಸೂದೆಗೆ ಹೊಲಿದವರು ಅಮೆರಿಕದ ಸಂಸತ್ತಿನ ಕೆಳಮನೆಯ ತೆರಿಗೆ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್. ಬಿ ಭಾಗದ ಮೂಲ ಕಲ್ಪನೆ ವಿರೋಧ ಪಕ್ಷದ್ದು. ಹಾಗಾಗಿ ಮುಂದೆ ಯಾವ ಪಕ್ಷ ಬಂದರೂ ಇದನ್ನು ಕಿತ್ತುಹಾಕುವುದು ಕಷ್ಟವಾಯಿತು.

ತಪ್ಪೂ ಆಯಿತು. ವೈದ್ಯರು, ಆಸ್ಪತ್ರೆಗಳು ಎದುರು ನಿಲ್ಲದಿರಲೆಂದು, ಆದ ಖರ್ಚನ್ನು ಆಸ್ಪತ್ರೆ ತೋರಿಸಿದಷ್ಟು ಕೊಡುವ ಪದ್ಧತಿ ಇಟ್ಟರು. ಹೆಚ್ಚು ಖರ್ಚು ಮಾಡಿದಷ್ಟೂ ಹೆಚ್ಚು ಹಣ ಬಂದರೆ ಯಾರು ತಾನೆ ಕೈ ಬಿಗಿ ಹಿಡಿಯುತ್ತಾರೆ? ವೆಚ್ಚ ಏರುತ್ತಲೇ ಹೋಯಿತು. ಇಂಥ ಕಾಯಿಲೆಗೆ ಇಷ್ಟು ಎಂದು ಮೊದಲೇ ದರ ಗೊತ್ತುಮಾಡುವ ಪದ್ಧತಿ ಬಂದದ್ದು 1983ರಲ್ಲಿ, ರೇಗನ್ ಕಾಲಕ್ಕೆ.

ಜಾನ್ಸನ್ ಮಾಡಿದ್ದೆಲ್ಲ ಇಷ್ಟು ಗಟ್ಟಿಯಾಗಿರಲಿಲ್ಲ. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ನೇಮಕಾತಿಯಲ್ಲಿ ಭೇದ ಮಾಡಬಾರದು, ಸಮಾನ ಅವಕಾಶಕ್ಕೆ ತಾವೇ ಕ್ರಮ ಕೈಗೊಳ್ಳಬೇಕು ಎಂದು 1965ರ ಸೆಪ್ಟೆಂಬರ್ 24ರಂದು 11246ನೇ ಸಂಖ್ಯೆಯ ಆದೇಶ ಹೊರಡಿಸಿದರು. ಅದು ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಪಾಸು ಮಾಡಿದ ಕಾಯ್ದೆಯಲ್ಲ, ಅಧ್ಯಕ್ಷರ ಆದೇಶ. 59 ವರ್ಷ ಬದುಕಿತು. 2025ರ ಜನವರಿ 21ರಂದು ಟ್ರಂಪ್ ಒಂದೇ ಸಹಿಯಲ್ಲಿ ರದ್ದು ಮಾಡಿದರು.

1965ರ ಆಗಸ್ಟ್ 6ರ ಮತದಾನ ಹಕ್ಕು ಕಾಯ್ದೆಯ ಕತೆ ಬೇರೆ. ಕರಿಯರ ಮತ ತಡೆದ ಚರಿತ್ರೆಯಿರುವ ರಾಜ್ಯಗಳು ಚುನಾವಣಾ ನಿಯಮವನ್ನು ಬದಲಿಸುವ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕು ಎಂದು ಐದನೇ ಕಲಮು ಹೇಳಿತು. ಆ ರಾಜ್ಯಗಳು ಯಾವುವೆಂದು ನಾಲ್ಕನೇ ಕಲಮಿನ ಸೂತ್ರ ಗೊತ್ತುಮಾಡಿತು. ಮಿಸಿಸಿಪ್ಪಿಯಲ್ಲಿ ಶೇಕಡಾ 7ರೊಳಗಿದ್ದ ಕರಿಯರ ಮತದಾರ ನೋಂದಣಿ ಎರಡೇ ವರ್ಷದಲ್ಲಿ ಶೇಕಡಾ 60ರ ಹತ್ತಿರ ಬಂತು. 2006ರಲ್ಲಿ ಕಾಂಗ್ರೆಸ್ ಇದನ್ನು ಇನ್ನೂ 25 ವರ್ಷಕ್ಕೆ ಮುಂದುವರಿಸಿತು. ಆದರೆ ಸೂತ್ರದೊಳಗೆ 1964, 1968, 1972ರ ಚುನಾವಣೆಗಳ ಅಂಕಿಗಳನ್ನೇ ಬಿಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಹಿಡಿದದ್ದು ಅದನ್ನೇ. 5–4ರ ತೀರ್ಪಿನಲ್ಲಿ ಸೂತ್ರ ಬಿತ್ತು, ಐದನೇ ಕಲಮು ಪುಸ್ತಕದಲ್ಲಿ ಉಳಿದೂ ನಿರುಪಯೋಗಿಯಾಯಿತು. ಅದೇ ದಿನ ಈ ಟೆಕ್ಸಸ್ ರಾಜ್ಯ, ಐದನೇ ಕಲಮಿನಿಂದ ತಡೆಯಲ್ಲಿದ್ದ ತನ್ನ ಮತದಾರರ ಗುರುತುಪತ್ರದ ಕಾಯ್ದೆಯನ್ನು ಜಾರಿ ಮಾಡುವುದಾಗಿ ಪ್ರಕಟಿಸಿತು. ಅಂಕಿ ಹೊಸದು ಮಾಡುವ ಬೇಸರದ ಕೆಲಸವನ್ನು ಕಾಂಗ್ರೆಸ್ ಮುಂದೂಡಿದ್ದಕ್ಕೆ ತೆತ್ತ ಬೆಲೆ ಇದು. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಇನ್ನು ವಲಸೆ. 1946ರ ಕಾನೂನಿನಲ್ಲಿ ಭಾರತದ ಪಾಲು ವರ್ಷಕ್ಕೆ 100 ಜನ. ನೂರೇ! 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ ಜಾನ್ಸನ್ ಸಹಿ ಹಾಕಿದ ಕಾಯ್ದೆ ಆ ಪಾಲುಪದ್ಧತಿಯನ್ನು ತೆಗೆದು, ಪೂರ್ವಾರ್ಧಗೋಳದ ಒಂದೊಂದು ದೇಶಕ್ಕೂ 20,000ದ ಮಿತಿ ಇಟ್ಟಿತು. ಸರ್ಕಾರದ ಕರಡಿನಲ್ಲಿ ಕೌಶಲಕ್ಕೆ ಮೊದಲ ಸ್ಥಾನವಿತ್ತು. ಬಂಧುಗಳಿಗೇ ಮೊದಲ ಸ್ಥಾನ ಬೇಕೆಂದು ಪಟ್ಟು ಹಿಡಿದವರು ಓಹಿಯೋದ ಕೆಳಮನೆ ಸದಸ್ಯ ಮೈಕಲ್ ಫೀಗನ್. ಇಲ್ಲಿರುವವರು ಹೆಚ್ಚಾಗಿ ಯೂರೋಪಿನ ಮೂಲದವರು, ಬಂಧುಗಳೂ ಅಲ್ಲಿಂದಲೇ ಬರುತ್ತಾರೆ ಎಂಬುದು ಆಗಿನ ಎಣಿಕೆ. ಆದರೆ ವೃತ್ತಿಪರರ ಸಣ್ಣ ಪಾಲಿನಲ್ಲಿ ಬಂದ ನಮ್ಮ ವೈದ್ಯರು, ಇಂಜಿನಿಯರುಗಳು ಪೌರತ್ವ ಪಡೆದು, ಅದೇ ಬಂಧುಗಳ ಬಾಗಿಲಿನಿಂದ ಅಣ್ಣತಮ್ಮಂದಿರನ್ನು ಕರೆಸಿಕೊಂಡರು. ಈಗ ಅಣ್ಣತಮ್ಮಂದಿರ ಆ ಸರದಿ ಭಾರತೀಯರಿಗೆ ಹದಿನೈದು ವರ್ಷ ಮೀರಿದೆ. ಕೆಲಸದ ಆಧಾರದ ಗ್ರೀನ್ ಕಾರ್ಡಿನ, ಅಂದರೆ ಕಾಯಂ ನೆಲೆಸುವ ಪರವಾನಗಿಯ, ಸರದಿಗೆ 1990ರ ಕಾಯ್ದೆ ಕಾರಣ: ವರ್ಷಕ್ಕೆ 1,40,000, ಅದರಲ್ಲಿ ಯಾವ ದೇಶಕ್ಕೂ ಶೇಕಡಾ 7 ಮೀರಬಾರದು, ಅಂದರೆ ಸುಮಾರು 9,800, ಹೆಂಡತಿ ಮಕ್ಕಳೂ ಸೇರಿ. ದೇಶ ದೊಡ್ಡದೋ ಚಿಕ್ಕದೋ, ಮಿತಿ ಎಲ್ಲಕ್ಕೂ ಒಂದೇ ಎಂಬ ಲೆಕ್ಕ ಮಾತ್ರ 1965ರದ್ದೇ.

ಮಗಳಿರುವ ಅಮೆರಿಕಕ್ಕೆ ತಂದೆತಾಯಿ ಬಂದರೆ ಮೆಡಿಕೇರ್ ಸಿಗುತ್ತದೆಯೇ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ಉತ್ತರ: ಮಗಳು ಅಮೆರಿಕದ ಪ್ರಜೆಯಾಗಿದ್ದರೆ ತಂದೆತಾಯಿಗೆ ಈ ಸರದಿ ಇಲ್ಲ. ಗ್ರೀನ್ ಕಾರ್ಡ್ ಬಂದು ಇಲ್ಲಿ ಸತತ ಐದು ವರ್ಷ ನೆಲೆಸಿದ ಮೇಲೆ, 65 ಆಗಿದ್ದರೆ, ಕಂತು ಕಟ್ಟಿ ಮೆಡಿಕೇರ್ ಕೊಳ್ಳಬಹುದು. ಗಂಡಹೆಂಡಿರಲ್ಲಿ ಒಬ್ಬರಾದರೂ ಇಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ಮಾತ್ರ ಎ ಭಾಗ ಪುಕ್ಕಟೆ. ಬಿ ಭಾಗಕ್ಕೆ ತಡಮಾಡಿ ಸೇರಿದರೆ, ತಡವಾದ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡಾ 10ರಂತೆ ದಂಡ, ಅದೂ ಜೀವನಪೂರ್ತಿ. ಹಲ್ಲು, ಕನ್ನಡಕ, ಕಿವಿಯಂತ್ರ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬರುವವರಿಗೆ ಮೆಡಿಕೇರೇ ಇಲ್ಲ, ಬೆಂಗಳೂರು ಬಿಡುವ ಮೊದಲೇ ಪ್ರವಾಸ ವಿಮೆ ಮಾಡಿಸಲಿ. ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಅದಕ್ಕೆ ಎಷ್ಟು ಕೊಡುತ್ತಾರೆ ಎಂಬುದನ್ನು ಪಾಲಿಸಿಯಲ್ಲಿ ಓದಿಯೇ ಹಣ ಕಟ್ಟಲು ಹೇಳಿ.

ಅಮ್ಮನಿಗೆ, ಅಜ್ಜಿಗೆ ನಮಸ್ಕಾರಗಳು.

ನಿಮ್ಮ ಮಗಳು